ಮೊದಲು ಬಾಯಿ ನೋಡಿ, ಆಮೇಲೆ ಹೆಸರು: ಚಿಕ್ಕ ಮಕ್ಕಳಿಗೆ ಹೊಳೆ ಮತ್ತು ಮೀನಿನ ಪಾಠ

ಆರರಿಂದ ಒಂಬತ್ತು ವರ್ಷದ ಮಕ್ಕಳಿಗೆ ಕಾವೇರಿಯ ಮೀನುಗಳ ಹೆಸರನ್ನು ಬಾಯಿಪಾಠ ಮಾಡಿಸಿದರೆ ವಾರದೊಳಗೆ ಮರೆತುಬಿಡುತ್ತಾರೆ. ಮೀನಿನ ಬಾಯಿ ನೋಡಿ ಅದು ಮೇಲ್ನೀರಲ್ಲಿ ಮೇಯುತ್ತದೋ, ತಳದಲ್ಲೋ ಎಂದು ತಾವೇ ಹೇಳುವುದನ್ನು ಕಲಿತರೆ ಮರೆಯುವುದಿಲ್ಲ. ಮೈಸೂರು, ಮಂಡ್ಯ ಕಡೆಯ ಶಾಲೆಗಳಿಗೂ ಅಪ್ಪ ಅಮ್ಮಂದಿರಿಗೂ ಅನುಕೂಲವಾಗುವಂತೆ ಅದನ್ನು ಕಲಿಸುವ ಕ್ರಮವನ್ನು ಇಲ್ಲಿ ಕೊಟ್ಟಿದ್ದೇವೆ.

ಮೊದಲ ಪಾಠ ಹೊಳೆಯಲ್ಲಲ್ಲ, ಮೀನಿನ ಅಂಗಡಿಯಲ್ಲಿ. ವ್ಯಾಪಾರ ಕಡಿಮೆಯಿರುವ ಹೊತ್ತು ನೋಡಿಕೊಂಡು ಹೋಗಿ, ಕಾಟ್ಲಾ, ರೋಹು, ಮೃಗಾಲ್ ಮೂರನ್ನೂ ಪಕ್ಕಪಕ್ಕ ಇಡಲು ಕೇಳಿ. ಕಾಟ್ಲಾದ ಕೆಳದವಡೆ ಮುಂದಕ್ಕೆ ಚಾಚಿ ಬಾಯಿ ಮೇಲ್ಮುಖವಾಗಿದೆ. ಅದು ಮೇಲ್ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ತಿನ್ನುತ್ತದೆ. ರೋಹುವಿನದು ನಡುನೀರಿನ ಮೇವು. ಮೃಗಾಲಿನ ಬಾಯಿ ಕೆಳಕ್ಕೆ ತಿರುಗಿದೆ, ಅದಕ್ಕೆ ಬೇಕಾದ್ದು ಕೆಸರಿನಲ್ಲಿದೆ. ಒಂದೇ ಕೆರೆಗೆ ಮೂರು ಬಗೆಯ ಮರಿಯನ್ನೂ ಬಿಡುವುದು ಇದೇ ಕಾರಣಕ್ಕೆ. ಮೇವಿಗಾಗಿ ಒಂದರ ಮೇಲೊಂದು ಬೀಳುವುದು ಕಡಿಮೆ. ಇಷ್ಟನ್ನು ಮಕ್ಕಳ ಬಾಯಿಂದಲೇ ಹೇಳಿಸಿ, ನೀವು ಮೊದಲೇ ಹೇಳಬೇಡಿ.

ಆಮೇಲೆ ಇನ್ನೊಂದು ವಿಷಯ ತಿಳಿಸಬೇಕು. ಈ ಮೂರೂ ಕಾವೇರಿಯ ಮೂಲದವಲ್ಲ, ಉತ್ತರದ ಗಂಗಾ ಬಯಲಿನ ನದಿಗಳಿಂದ ತಂದು ಬಿಟ್ಟವು. ಜಿಲೇಬಿ ಮೀನು ಆಫ್ರಿಕಾದ್ದು. ನಮ್ಮ ನೀರಿನವೇ ಆದ ಕೊರಮೀನು, ಬಾಳೆ ಮೀನು, ಬೆರಳುದ್ದದ ಪಕ್ಕೆ ಮೀನುಗಳು ಅಂಗಡಿಯಲ್ಲಿದ್ದರೆ ತೋರಿಸಿ. ಕೊರಮೀನನ್ನು ಸಾಮಾನ್ಯವಾಗಿ ಜೀವಂತವಾಗಿಯೇ ಮಾರುತ್ತಾರೆ. ಅದು ಗಾಳಿಯನ್ನೂ ಉಸಿರಾಡಬಲ್ಲದು, ಹಾಗಾಗಿ ಸ್ವಲ್ಪ ನೀರಿರುವ ಟಬ್ಬಿನಲ್ಲೂ ಬದುಕಿರುತ್ತದೆ. ಎರಡು ನಿಮಿಷ ಸುಮ್ಮನೆ ನಿಂತರೆ ಅದು ಮೇಲೆ ಬಂದು ಗಾಳಿ ಗುಟುಕರಿಸುವುದು ಕಾಣುತ್ತದೆ. ಟಬ್ಬಿಗೆ ಕೈ ಹಾಕಲು ಮಾತ್ರ ಬಿಡಬೇಡಿ. ಜೊತೆಯಲ್ಲಿ ಚೇಳು ಮೀನಿದ್ದರೆ ಅದರ ಪಕ್ಕದ ರೆಕ್ಕೆಯ ಮುಳ್ಳಿನಲ್ಲಿ ವಿಷವಿದೆ, ಚುಚ್ಚಿದರೆ ಗಂಟೆಗಟ್ಟಲೆ ಉರಿಯುತ್ತದೆ.

ಎರಡನೆಯ ಪಾಠಕ್ಕೆ ಜಾಗ ಆರಿಸುವುದೇ ದೊಡ್ಡ ಕೆಲಸ. ಬಲಮುರಿ, ಎಡಮುರಿ, ಕೆಆರ್‌ಎಸ್ ಕೆಳಗಿನ ನದಿಪಾತ್ರ, ವಿಶ್ವೇಶ್ವರಯ್ಯ ನಾಲೆ ಇವು ಬೇಡವೇ ಬೇಡ. ಅಣೆಕಟ್ಟೆಯಿಂದ ನೀರು ಬಿಟ್ಟರೆ ನದಿ ನೋಡನೋಡುತ್ತಿದ್ದಂತೆ ಏರುತ್ತದೆ. ನಾಲೆಯ ದಡ ಇಳಿಜಾರು, ಜಾರಿದವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಶ್ರೀರಂಗಪಟ್ಟಣದ ಸುತ್ತ ಮೊಸಳೆಗಳಿವೆ. ರಂಗನತಿಟ್ಟಿನಲ್ಲಿ ದೋಣಿಯಿಂದ ನೋಡಬಹುದು, ಆದರೆ ಅದು ಪಕ್ಷಿಧಾಮ, ಒಂದು ಬಸವನಹುಳುವನ್ನೂ ಎತ್ತುವಂತಿಲ್ಲ. ಕೆರೆ ಕೋಡಿಯಿಂದ ಹರಿಯುವ ಕಲ್ಲುತಳದ ಸಣ್ಣ ಹಳ್ಳವೇ ಸರಿಯಾದ ಜಾಗ. ನೀರು ಮಗುವಿನ ಮೊಣಕಾಲಿಗಿಂತ ಕೆಳಗಿರಬೇಕು, ತಳ ಕಾಣಬೇಕು. ದಡದ ಮೇಲೆ ಎರಡು ಮೀಟರ್ ಹಗ್ಗ ಹಾಸಿ, ನೀರಿಗೊಂದು ಎಲೆ ಬಿಡಿ. ನಾಲ್ಕು ಸೆಕೆಂಡಿಗಿಂತ ಬೇಗ ಹಗ್ಗದ ತುದಿ ದಾಟಿದರೆ ಸೆಳೆತ ಹೆಚ್ಚು, ಅವತ್ತು ಇಳಿಯಬೇಡಿ. ಹತ್ತಿರದ ಗದ್ದೆಗೆ ಔಷಧಿ ಹೊಡೆದ ವಾರವೂ ಬೇಡ.

ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ, ಬೆಳಿಗ್ಗೆ ಎಂಟರಿಂದ ಹತ್ತು. ಮಳೆಗಾಲದಲ್ಲಿ ನೀರು ಕೆಂಪಾಗಿರುತ್ತದೆ, ಮೇಲಾಗಿ ಹೆಚ್ಚಿನ ಮೀನುಗಳು ಮೊಟ್ಟೆಯಿಡುವುದೂ ಆಗಲೇ. ಹನ್ನೆರಡು ಮಕ್ಕಳಿಗೆ ಮೂವರು ದೊಡ್ಡವರಾದರೂ ಬೇಕು; ಒಬ್ಬರ ಕೆಲಸ ನೀರಂಚಿನಲ್ಲಿ ತಲೆ ಎಣಿಸುವುದಷ್ಟೇ. ಗಾಯವಿರುವ ಮಗು ನೀರಿಗಿಳಿಯಬಾರದು. ಗದ್ದೆ ಬಯಲಿನ ನೀರಿನಲ್ಲಿ ಇಲಿಜ್ವರದ ಸೋಂಕು ಇರಬಹುದು.

ಬೇಕಾದ ಸಾಮಾನು: ನಾಲ್ಕು ಮಕ್ಕಳಿಗೊಂದು ಬಿಳಿ ಪ್ಲಾಸ್ಟಿಕ್ ಟ್ರೇ, ಎರಡು ಬಕೆಟ್, ಚಮಚ, ಮೆತ್ತನೆಯ ಬಣ್ಣದ ಬ್ರಷ್, ಭೂತಗನ್ನಡಿ, ಪಾರದರ್ಶಕ ಚೌಕ ಡಬ್ಬಿ, ಎರಡು ಮಿಲಿಮೀಟರ್ ಕಣ್ಣಿನ ಕೈಬಲೆ. ಸೊಳ್ಳೆಪರದೆಯ ಬಟ್ಟೆಯಿಂದ ಬಲೆ ಹೊಲಿದರೆ ಕೆಸರು ಕಟ್ಟಿಕೊಂಡು ಹರಿದುಹೋಗುತ್ತದೆ. ಟ್ರೇ ಬಿಳಿಯದೇ ಆಗಬೇಕು, ಬಣ್ಣದ್ದಾದರೆ ಹುಳಗಳು ಕಾಣುವುದಿಲ್ಲ. ದುಂಡು ಬಾಟಲಿಯಲ್ಲಿ ಮೀನಿನ ಆಕಾರ ಸೊಟ್ಟಗೆ ಕಾಣುತ್ತದೆ, ಅದಕ್ಕೇ ಚೌಕ ಡಬ್ಬಿ.

ಟ್ರೇಗೆ ಮೂರು ಸೆಂಟಿಮೀಟರ್ ಹೊಳೆನೀರು ಹಾಕಿ ನೆರಳಲ್ಲಿಡಿ. ದೊಡ್ಡವರೊಬ್ಬರು ಬಲೆಯನ್ನು ಹರಿವಿಗೆ ಎದುರಾಗಿ ತಳಕ್ಕೊತ್ತಿ ಹಿಡಿಯಲಿ, ಇನ್ನೊಬ್ಬರು ಅದರ ಮೇಲ್ಬದಿಯ ಕಲ್ಲುಗಳನ್ನು ಒಂದು ನಿಮಿಷ ಕೈಯಿಂದ ಉಜ್ಜಲಿ. ಸಿಕ್ಕಿದ್ದನ್ನು ಟ್ರೇಗೆ ಮಗುಚಿ. ಎತ್ತಿದ ಕಲ್ಲನ್ನು ಮೊದಲಿದ್ದ ಹಾಗೆಯೇ ಇಡಿ, ಅಡಿಭಾಗದಲ್ಲಿ ಮೊಟ್ಟೆಗಳಿರುತ್ತವೆ. ಕೆಸರು ಕೂರಲು ಐದು ನಿಮಿಷ ಬೇಕು. ಮಕ್ಕಳು ಬೇಸರಪಟ್ಟು ಟ್ರೇ ಅಲುಗಿಸುವುದು ಈಗಲೇ. ಆ ಹೊತ್ತಿಗೆ ದಡದ ಗಿಡಗಳ ಎಲೆ ಆರಿಸಲು ಕಳಿಸಿ. ಹಳ್ಳಕ್ಕೆ ಬಿದ್ದ ಎಲೆಯನ್ನು ಹುಳ ತಿನ್ನುತ್ತದೆ, ಹುಳವನ್ನು ಮೀನು ತಿನ್ನುತ್ತದೆ ಎಂಬ ಸರಪಳಿಗೆ ಆ ಎಲೆಯೇ ಮೊದಲ ಕೊಂಡಿ.

ಈಗ ಟ್ರೇ ನೋಡಿ. ಮೂರು ಬಾಲದೆಳೆ, ಹೊಟ್ಟೆಯ ಪಕ್ಕದಲ್ಲಿ ಅಲ್ಲಾಡುವ ಕಿವಿರುಗಳಿದ್ದರೆ ಅದು ಮೇಫ್ಲೈ ಮರಿ. ಮರಳಿನ ಕಣ ಅಂಟಿಸಿದ ಕೊಳವೆಯೊಂದು ತಾನಾಗಿ ನಡೆದರೆ ಒಳಗಿರುವುದು ಕ್ಯಾಡಿಸ್ ಹುಳ. ಏರೋಪ್ಲೇನ್ ಚಿಟ್ಟೆಯ ಮರಿ ದವಡೆ ಚಾಚಿ ಬೇರೆ ಹುಳ ಹಿಡಿಯುವುದನ್ನು ಕಂಡ ಮಗು ಅಲ್ಲಿಂದ ಏಳುವುದಿಲ್ಲ, ಏಳಿಸಲೂ ಬೇಡಿ. ಮೇಫ್ಲೈ, ಕ್ಯಾಡಿಸ್ ಬಗೆಬಗೆಯವು ಇದ್ದರೆ ನೀರು ಚೆನ್ನಾಗಿದೆ. ಕೆಂಪು ಎಳೆಹುಳಗಳು ಮಾತ್ರ ತುಂಬಿದ್ದರೆ ಮೇಲೆಲ್ಲೋ ಚರಂಡಿ ಸೇರಿದೆ. ಆ ಕೆಂಪು ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್, ಆಮ್ಲಜನಕ ಕಡಿಮೆಯಿರುವ ಕೆಸರಲ್ಲಿ ಬದುಕಲು ಅದು ನೆರವಾಗುತ್ತದೆ.

ಬಲೆಗೆ ಸಣ್ಣ ಮೀನು ಸಿಕ್ಕರೆ ಲೋಟದಿಂದ ನೀರಿನ ಸಮೇತ ಎತ್ತಿ ಚೌಕ ಡಬ್ಬಿಗೆ ಬಿಡಿ. ಒಂದು ಡಬ್ಬಿಗೆ ಒಂದೇ ಮೀನು, ಎರಡು ನಿಮಿಷ ಸಾಕು. ಒಣಗೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತುಬಂದು ಸೋಂಕು ತಗಲುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈಯಂತೂ ನೀರಿಗೇ ಬೇಡ. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಮಕ್ಕಳು ಹಸಿವು ಎಂದುಕೊಳ್ಳುತ್ತಾರೆ, ಸಾಮಾನ್ಯವಾಗಿ ಅದು ಉಸಿರಿನ ತೊಂದರೆ. 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯದು ಏಳೂವರೆ ಮಾತ್ರ. ತಕ್ಷಣ ಹೊಳೆಗೆ ಬಿಡಿ.

ನೋಡುವಾಗ ಮೂರೇ ಪ್ರಶ್ನೆ: ಬಾಯಿ ಎತ್ತ ತಿರುಗಿದೆ, ಮೀಸೆ ಇದೆಯೇ, ಮೈ ಉರುಟೋ ಚಪ್ಪಟೆಯೋ. ನೆತ್ತಿಯ ಮೇಲೆ ಹೊಳೆಯುವ ಚುಕ್ಕೆಯಿದ್ದು ಮೇಲ್ಮುಖ ಬಾಯಿಯಿದ್ದರೆ ಅದು ಸೊಳ್ಳೆಮರಿ ತಿನ್ನುವ ನಮ್ಮದೇ ಮೀನು. ಬಾಯಿ ಅಡಿಯಲ್ಲಿದ್ದು ಡಬ್ಬಿಯ ಗೋಡೆಗೇ ಅಂಟಿಕೊಂಡರೆ ಅದು ಗಾರಾ, ಸೆಳೆತದಲ್ಲಿ ಬಂಡೆ ಕಚ್ಚಿ ನಿಲ್ಲುವಂಥದ್ದು. ಮಕ್ಕಳು ಚಿತ್ರ ಬರೆದ ಮೇಲೆ ಊರಿನ ಮೀನುಗಾರರಿಗೆ ತೋರಿಸಿ, ಅವರು ಹೇಳುವ ಹೆಸರನ್ನೇ ಬರೆಸಿ.

ಹಿಡಿಯಬಾರದ ದೊಡ್ಡ ಮೀನನ್ನು ತರಗತಿಯಲ್ಲಿ ಕಲಿಸಿ. ಕಾವೇರಿ ಕೊಳ್ಳದಲ್ಲಿ ಮಾತ್ರ ಇರುವ ಡುಬ್ಬದ ಮಹಶೀರ್ ಮೀನನ್ನು 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಲಾಯಿತು. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೊ ಇತ್ತು. ತರಗತಿಯ ಎಷ್ಟು ಮಕ್ಕಳು ಸೇರಿದರೆ ಅಷ್ಟು ತೂಕ ಎಂದು ತಕ್ಕಡಿ ಇಟ್ಟು ಲೆಕ್ಕ ಹಾಕಿಸಿ. ಮಳೆ ಬಂದಾಗ ಅದು ಮೊಟ್ಟೆಯಿಡಲು ಹರಿವಿಗೆ ಎದುರಾಗಿ ಮೇಲಕ್ಕೆ ಹೋಗುತ್ತದೆ. ಅಂಗಳದಲ್ಲಿ ಸೀಮೆಸುಣ್ಣದಿಂದ ಹೊಳೆ ಬರೆದು, ನಾಲ್ಕು ಮಕ್ಕಳನ್ನು ಕೈಕೈ ಹಿಡಿಸಿ ಅಣೆಕಟ್ಟೆಯಾಗಿ ನಿಲ್ಲಿಸಿ, ಉಳಿದವರನ್ನು ಮೀನಾಗಿ ಓಡಿಸಿ. ಕೆಆರ್‌ಎಸ್ ಕಟ್ಟೆ 124.80 ಅಡಿ ತುಂಬಿದ ಸುದ್ದಿ ಇಲ್ಲಿನ ಮಕ್ಕಳಿಗೆಲ್ಲ ಗೊತ್ತು. ಅದು ನಮ್ಮ ಗದ್ದೆಗೆ ನೀರು, ಮೀನಿಗೆ ಗೋಡೆ, ಎರಡನ್ನೂ ಹೇಳಿ. ಈ ವಯಸ್ಸಿಗೆ ಎರಡೂ ಅರ್ಥವಾಗುತ್ತವೆ.

ಹೊರಡುವಾಗ ಯಾರಾದರೊಬ್ಬರು ಮೀನನ್ನು ಬಾಟಲಿಯಲ್ಲಿ ಮನೆಗೆ ಒಯ್ಯುತ್ತೇನೆಂದು ಹಟ ಹಿಡಿಯುತ್ತಾರೆ. ನಲ್ಲಿ ನೀರಿನ ಕ್ಲೋರಿನ್ ಕಿವಿರನ್ನು ಸುಡುತ್ತದೆ ಎಂದು ಹೇಳಿ, ಹಿಡಿದ ಜಾಗದಲ್ಲೇ ಅವರ ಕೈಯಿಂದ ಬಿಡಿಸಿ. ಮನೆಯ ಅಕ್ವೇರಿಯಂನಲ್ಲಿ ಸಾಕಿದ ಗಪ್ಪಿ, ಸಕ್ಕರ್ ಮೀನನ್ನು ಕೆರೆಗೆ ಬಿಡಬಾರದೆಂದೂ ಅಲ್ಲಿಯೇ ತಿಳಿಸಿ: ಸಾಕಲಾಗದಿದ್ದರೆ ಅಂಗಡಿಗೇ ವಾಪಸ್ ಕೊಡಬೇಕು. ನಂತರ ಎಲ್ಲರೂ ಸೋಪು ಹಾಕಿ ಕೈಕಾಲು ತೊಳೆಯಬೇಕು, ಹಳ್ಳದಿಂದ ದೂರ, ತಂದ ನೀರಿನಲ್ಲಿ.