ನಿಮ್ಮ ಗದ್ದೆಯ ತಳಿ ನಿಮ್ಮ ಹೆಸರಿಗೆ: ನೋಂದಣಿ ಮಾಡಿಸುವುದು ಹೇಗೆ?

ಎಚ್‌ಎಂಟಿ ಅಕ್ಕಿಯ ಹೆಸರು ಕೇಳಿರುತ್ತೀರಿ. ಆ ಹೆಸರು ಬಂದಿದ್ದು ನಮ್ಮ ಜಾಲಹಳ್ಳಿಯಲ್ಲಿ ತಯಾರಾಗುತ್ತಿದ್ದ ಕೈಗಡಿಯಾರದಿಂದ. ಭತ್ತ ಹುಟ್ಟಿದ್ದು ಮಾತ್ರ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ನಾಂದೇಡ್ ಎಂಬ ಹಳ್ಳಿಯಲ್ಲಿ. ದಾದಾಜಿ ಖೋಬ್ರಾಗಡೆ ಎಂಬ ಸಣ್ಣ ಹಿಡುವಳಿಯ ರೈತರು ಎಂಬತ್ತರ ದಶಕದಲ್ಲಿ ತಮ್ಮ ಗದ್ದೆಯಲ್ಲಿ ಬೇರೆ ಥರ ಕಂಡ ಕೆಲವು ತೆನೆಗಳನ್ನು ಆರಿಸಿಕೊಂಡರು. ವರ್ಷಗಟ್ಟಲೆ ಬೇರೆಯಾಗಿ ಬಿತ್ತಿ, ಬೆರಕೆ ಕಿತ್ತು, ಸಣ್ಣಕ್ಕಿಯ ತಳಿ ಮಾಡಿದರು. ಕೊಂಡ ವ್ಯಾಪಾರಿ ಆಗ ಜನಪ್ರಿಯವಾಗಿದ್ದ ವಾಚಿನ ಹೆಸರನ್ನೇ ಅಕ್ಕಿಗೂ ಇಟ್ಟ. ಮುಂದೆ ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಅದೇ ಭತ್ತವನ್ನು ಶುದ್ಧೀಕರಿಸಿದ್ದೇವೆ ಎಂದು ‘ಪಿಕೆವಿ ಎಚ್‌ಎಂಟಿ’ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿತು. ಅಕ್ಕಿ ರಾಜ್ಯಗಳನ್ನು ದಾಟಿ ಹೋಯಿತು. ಖೋಬ್ರಾಗಡೆಯವರಿಗೆ ಪ್ರಶಸ್ತಿ ಬಂತು, ಸನ್ಮಾನವಾಯಿತು, ದುಡ್ಡು ಬರಲಿಲ್ಲ. 2018ರಲ್ಲಿ ತೀರಿಕೊಂಡರು.

ಅವರು ತಳಿ ಮಾಡುವಾಗ ರೈತನ ಹೆಸರಿಗೆ ತಳಿ ಬರೆಸುವ ಕಾನೂನೇ ನಮ್ಮಲ್ಲಿ ಇರಲಿಲ್ಲ. ಈಗ ಇದೆ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ. ಅದನ್ನು ನೋಡಿಕೊಳ್ಳುವ ಪ್ರಾಧಿಕಾರ 2005ರಿಂದ ದೆಹಲಿಯಲ್ಲಿದೆ. ನಮಗೆ ಹತ್ತಿರದ ಶಾಖೆ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದಲ್ಲಿ. ರೈತರಿಗೆ ಒಂದು ಪೈಸೆ ಶುಲ್ಕವಿಲ್ಲ. ಆದರೂ ಬಹಳ ಜನ ಈ ಕಡೆ ಬರುವುದೇ ಇಲ್ಲ. ಭತ್ತದ ಜೊತೆಗೇ ಹೋಗೋಣ, ಬೇರೆ ಬೆಳೆಗೂ ದಾರಿ ಇದೇ.

ಮೊದಲು ಪೇಟೆಂಟ್ ಆಸೆ ಬಿಡಿ

‘ನನ್ನ ತಳಿಗೆ ಪೇಟೆಂಟ್ ಮಾಡಿಸಬೇಕು’ ಅಂತ ಕೇಳುವವರೇ ಜಾಸ್ತಿ. ಭಾರತದಲ್ಲಿ ಗಿಡಕ್ಕೆ, ಪ್ರಾಣಿಗೆ, ಬೀಜಕ್ಕೆ, ತಳಿಗೆ ಪೇಟೆಂಟ್ ಸಿಗುವುದಿಲ್ಲ. ಪೇಟೆಂಟ್ ಕಾಯ್ದೆಯ 3(ಜೆ) ಕಲಮು ಇದನ್ನು ನೇರವಾಗಿ ಹೇಳುತ್ತದೆ. ಸೂಕ್ಷ್ಮಜೀವಿಗಳಿಗೆ ಮಾತ್ರ ವಿನಾಯಿತಿ. ತಲೆಮಾರುಗಳಿಂದ ಬಂದ ತಿಳಿವಳಿಕೆಗೂ ಪೇಟೆಂಟ್ ಇಲ್ಲ, ಅದು 3(ಪಿ). ಹಾಗಾಗಿ ‘ಪೇಟೆಂಟ್ ಕೊಡಿಸ್ತೀನಿ’ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಹಾಗೆ ನೋಡಿದರೆ ಪೇಟೆಂಟ್ ಇಲ್ಲದಿರುವುದು ರೈತನಿಗೇ ಒಳ್ಳೆಯದು. ಮೇಲೆ ಹೇಳಿದ 2001ರ ಕಾಯ್ದೆಯ 39ನೇ ಕಲಮಿನ ಪ್ರಕಾರ ರೈತ ನೋಂದಾಯಿತ ತಳಿಯ ಬೀಜವನ್ನೂ ಉಳಿಸಿಟ್ಟುಕೊಳ್ಳಬಹುದು, ಮತ್ತೆ ಬಿತ್ತಬಹುದು, ನೆಂಟರಿಗೆ ಕೊಡಬಹುದು, ಮಾರಲೂಬಹುದು. ಬ್ರ್ಯಾಂಡ್ ಹಾಕಿದ ಪ್ಯಾಕೆಟ್‌ನಲ್ಲಿ ಮಾರುವಂತಿಲ್ಲ, ಅಷ್ಟೇ. 2019ರಲ್ಲಿ ಪೆಪ್ಸಿಕೋ ಕಂಪನಿ ತನ್ನ ಚಿಪ್ಸ್ ಆಲೂಗಡ್ಡೆ ತಳಿ ಬೆಳೆದರೆಂದು ಗುಜರಾತಿನ ರೈತರ ಮೇಲೆ ತಲಾ ಒಂದು ಕೋಟಿಗೂ ಹೆಚ್ಚು ಪರಿಹಾರ ಕೇಳಿ ಕೇಸು ಹಾಕಿತ್ತು. ದೇಶದ ತುಂಬ ಗಲಾಟೆಯಾದ ಮೇಲೆ ಕೇಸು ವಾಪಸ್ ಪಡೆಯಿತು. ಆಗ ರೈತರ ಪರ ನಿಂತವರು ಮೊದಲು ಎತ್ತಿ ತೋರಿಸಿದ್ದು ಈ 39ನೇ ಕಲಮನ್ನೇ. 2021ರ ಡಿಸೆಂಬರ್‌ನಲ್ಲಿ ಪ್ರಾಧಿಕಾರ ಆ ಆಲೂಗಡ್ಡೆಯ ನೋಂದಣಿ ರದ್ದು ಮಾಡಿತು. 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ರದ್ದತಿ ಆದೇಶವನ್ನೇ ತಳ್ಳಿಹಾಕಿತು. ಕಂಪನಿ ನೋಂದಣಿ ಉಳಿಸಿಕೊಂಡಿತು, ರೈತರ 39ನೇ ಕಲಮೂ ಕಾಯ್ದೆಯಲ್ಲಿ ಹಾಗೇ ಇದೆ.

ತಳಿ ನಿಮ್ಮದಾ, ಊರಿನದಾ?

ಅರ್ಜಿ ಮುಟ್ಟುವ ಮೊದಲು ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಳ್ಳಿ. ನೀವೇ ತೆನೆ ಆರಿಸಿ ಹೊಸದು ಮಾಡಿದ್ದರೆ ನಿಮ್ಮ ಹೆಸರಿನಲ್ಲಿ ಹಾಕಿ. ಅಜ್ಜನ ಕಾಲದಿಂದ ಊರೆಲ್ಲ ಬೆಳೆಯುತ್ತಿರುವ ತಳಿಯಾದರೆ? ಕುಮಟಾ ಕಡೆ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತವಿದೆ. ಉಪ್ಪುನೀರು ನುಗ್ಗಿದರೂ ತಡೆಯುತ್ತದೆ. ಅದನ್ನು ಒಬ್ಬ ಮನುಷ್ಯ ಮಾಡಿದ್ದಲ್ಲ. ಇಂಥದ್ದನ್ನು ಒಬ್ಬರೇ ಹೋಗಿ ತಮ್ಮ ಹೆಸರಿಗೆ ಬರೆಸಿಕೊಳ್ಳುವುದು ನನ್ನ ಪ್ರಕಾರ ತಪ್ಪು, ಕಾನೂನಿನ ಕಣ್ಣು ತಪ್ಪಿಸಿ ದಕ್ಕಿದರೂ ತಪ್ಪೇ. ಕಾಯ್ದೆಯಲ್ಲಿ ರೈತರ ಗುಂಪು ಅಥವಾ ಸಮುದಾಯ ಅರ್ಜಿ ಹಾಕಲು ಅವಕಾಶವಿದೆ. ಸಂಘ ಮಾಡಿಕೊಂಡು ಒಟ್ಟಿಗೆ ಹಾಕಿ. ಆಮೇಲೆ ಊರಲ್ಲಿ ಜಗಳ ಇರುವುದಿಲ್ಲ.

ಇನ್ನೊಂದು ಕಾರಣಕ್ಕೂ ಈ ಪ್ರಶ್ನೆ ಮುಖ್ಯ. ‘ಹೊಸ ತಳಿ’ ಅಂತ ಅರ್ಜಿ ಹಾಕಿದರೆ ಅದು ಮಾರಾಟಕ್ಕೆ ಬಂದು ಒಂದು ವರ್ಷ ದಾಟಿರಬಾರದು. ‘ರೈತರ ತಳಿ’ ಅಂತ ಹಾಕಿದರೆ ಆ ಷರತ್ತಿಲ್ಲ. ಎಷ್ಟೋ ವರ್ಷದಿಂದ ಬೀಜ ಮಾರುತ್ತಿರುವವರು ಅರ್ಜಿಯ ತಪ್ಪು ಕಾಲಂನಲ್ಲಿ ಟಿಕ್ ಹಾಕಿದರೆ ಅಲ್ಲಿಗೇ ಮುಗಿಯಿತು.

ಜೊತೆಗೆ, ನಿಮ್ಮ ಬೆಳೆ ಪ್ರಾಧಿಕಾರದ ಪಟ್ಟಿಯಲ್ಲಿರಬೇಕು. 2006ರಲ್ಲಿ ಭತ್ತ, ಗೋಧಿ, ಜೋಳ, ತೊಗರಿ, ಕಡಲೆ ಸೇರಿ 12 ಬೆಳೆಗಳಿಂದ ಶುರುವಾದ ಪಟ್ಟಿ ಈಗ ಬಹಳ ಉದ್ದವಾಗಿದೆ. ಶಿವಮೊಗ್ಗದ ಶಾಖೆಗೆ ಫೋನ್ ಮಾಡಿ, ಬೆಳೆ ಪಟ್ಟಿಯಲ್ಲಿದೆಯಾ, ರೈತರ ತಳಿಗೆ ಈಗ ಗಡುವು ಏನಾದರೂ ಇದೆಯಾ ಅಂತ ಕೇಳಿಕೊಳ್ಳಿ. ಐದು ನಿಮಿಷದ ಕೆಲಸ.

ಗದ್ದೆಗಿಳಿದು ಬರೆಯಿರಿ

ಅರ್ಜಿಯ ಜೀವ ಇರುವುದು ಇಲ್ಲಿ. ಪ್ರಾಧಿಕಾರ ಮೂರು ವಿಷಯ ನೋಡುತ್ತದೆ. ತಳಿ ಬೇರೆ ತಳಿಗಳಿಂದ ಬೇರೆಯಾಗಿ ಕಾಣಬೇಕು. ಗದ್ದೆಯ ಗಿಡಗಳೆಲ್ಲ ಒಂದೇ ಥರ ಇರಬೇಕು. ವರ್ಷದಿಂದ ವರ್ಷಕ್ಕೆ ಗುಣ ಬದಲಾಗಬಾರದು. ಇದಕ್ಕೆ ಡಿಯುಎಸ್ ಪರೀಕ್ಷೆ ಅಂತಾರೆ. ರೈತರ ತಳಿಗೆ ‘ಒಂದೇ ಥರ’ ಎಂಬ ಷರತ್ತಿನಲ್ಲಿ ಸ್ವಲ್ಪ ಸಡಿಲ ಉಂಟು, ಆದರೂ ಬೆರಕೆ ಕಿತ್ತು ಒಂದೆರಡು ಹಂಗಾಮು ಶುದ್ಧ ಮಾಡಿಕೊಂಡೇ ಕಳಿಸಿ.

ಭತ್ತಕ್ಕೆ ನೋಡುವ ಲಕ್ಷಣಗಳು 62. ಗಾಬರಿಯಾಗಬೇಡಿ, ಅರ್ಧಕ್ಕರ್ಧ ನಿಮಗೆ ಗೊತ್ತಿರುವಂಥವೇ. ಸಸಿಯ ಬುಡ ಹಸಿರಾ, ನೇರಳೆಯಾ? ಎಲೆ ಸವರಿದರೆ ಒರಟಾ, ನುಣುಪಾ? ಎಲೆ ಕಾಂಡದಿಂದ ಬೇರೆಯಾಗುವ ಸಂದಿಯಲ್ಲಿ ಬೆರಳುಗುರಿನಿಂದ ಬಿಡಿಸಿ ನೋಡಿ, ತೆಳ್ಳಗಿನ ಪೊರೆ ಇರುತ್ತದೆ. ಅದರ ಬಣ್ಣ ಏನು, ತುದಿ ಸೀಳಿದೆಯಾ? ಅರ್ಧ ಗಿಡಗಳು ತೆನೆ ಬಿಡಲು ಬಿತ್ತಿದ ದಿನದಿಂದ ಎಷ್ಟು ದಿನ? ತೆನೆ ಪೂರ್ತಿ ಹೊರಗೆ ಬರುತ್ತದಾ, ಬುಡ ಒಳಗೇ ಸಿಕ್ಕಿಕೊಳ್ಳುತ್ತದಾ? ಕಾಳಿನ ತುದಿಯಲ್ಲಿ ಮೀಸೆ ಇದೆಯಾ? ಇದ್ದರೆ ಎಷ್ಟುದ್ದ, ಯಾವ ಬಣ್ಣ? ಅಕ್ಕಿ ಕೆಂಪಾ, ಬಿಳಿಯಾ? ಪರಿಮಳ ಉಂಟಾ? ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆಯಿರಿ. ಮೊಬೈಲಿನಲ್ಲಿ ಫೋಟೊ ತೆಗೆಯುವಾಗ ಪಕ್ಕದಲ್ಲಿ ಸ್ಕೇಲ್ ಇಡಿ. ನಿಮ್ಮ ತಳಿಗೆ ಅತಿ ಹತ್ತಿರ ಕಾಣುವ ಇನ್ನೊಂದು ತಳಿಯನ್ನು ಪಕ್ಕದ ಮಡಿಯಲ್ಲೇ ಬೆಳೆಸಿ. ‘ನಮ್ಮದು ರಾಜಮುಡಿ ಥರಾನೇ, ಆದರೆ ಹತ್ತು ದಿನ ಮೊದಲು ಕೊಯ್ಲಿಗೆ ಬರುತ್ತೆ’ ಎಂಬಂಥ ಒಂದು ಸಾಲು ತೋರಿಸಲು ಆಗಬೇಕು. ‘ರುಚಿ ಚೆನ್ನಾಗಿದೆ, ಆರೋಗ್ಯಕ್ಕೆ ಒಳ್ಳೆಯದು’ ಅಂತ ಪುಟಗಟ್ಟಲೆ ಬರೆದರೆ ಈ ಪರೀಕ್ಷೆಯಲ್ಲಿ ಅಂಕ ಸಿಗುವುದಿಲ್ಲ.

ಬರೆದಿಡುವುದಕ್ಕೆ ಯಾಕಿಷ್ಟು ಒತ್ತು ಅಂದರೆ, ಇಂಥ ಜಗಳಗಳಲ್ಲಿ ಗೆಲ್ಲುವುದು ಕಾಗದವೇ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು. ಇಲ್ಲಿ ಯಾವ ಮನೆಯ ಅಜ್ಜಿಯನ್ನು ಕೇಳಿದರೂ ಗೊತ್ತಿರುವ ಮಾತು. ಆದರೆ ಅಜ್ಜಿಯ ಮಾತು ಅಲ್ಲಿ ನಡೆಯಲಿಲ್ಲ. ನಮ್ಮ ದೇಶದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹಳೆಯ ಗ್ರಂಥಗಳನ್ನು, 1953ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾದ ಬರಹವನ್ನು ಹುಡುಕಿ ಮುಂದಿಟ್ಟ ಮೇಲೆ 1997ರಲ್ಲಿ ಪೇಟೆಂಟ್ ರದ್ದಾಯಿತು.

ಪಂಚಾಯಿತಿಯಲ್ಲಿ ಒಂದು ಸಹಿ, ಒಂದು ದಾಖಲೆ

ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ‘ನಮ್ಮಲ್ಲಿ ಅಂಥದ್ದೇನೂ ಇಲ್ಲ’ ಅಂತ ಹೇಳಿದರೆ ಪಿಡಿಒ ಅವರನ್ನೇ ಕೇಳಿ. ಎಷ್ಟೋ ಕಡೆ ಸಮಿತಿ ಕಾಗದದ ಮೇಲಷ್ಟೇ ಇರುತ್ತದೆ, ಸದಸ್ಯರಿಗೇ ತಾವು ಸದಸ್ಯರೆಂದು ಗೊತ್ತಿರುವುದಿಲ್ಲ. ಇಲ್ಲಿ ಎರಡು ಕೆಲಸವಿದೆ.

ಒಂದು, ರೈತರ ತಳಿಯ ಅರ್ಜಿಗೆ ದೃಢೀಕರಣ. ಸಮಿತಿಯ ಅಧ್ಯಕ್ಷರು ಅಥವಾ ಕಾರ್ಯದರ್ಶಿ ಸಹಿ ಹಾಕಬಹುದು. ಅವರು ಸಿಗದಿದ್ದರೆ ಜಿಲ್ಲಾ ಕೃಷಿ ಅಧಿಕಾರಿ, ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ನಿರ್ದೇಶಕರು ಅಥವಾ ಜಿಲ್ಲಾ ಬುಡಕಟ್ಟು ಅಭಿವೃದ್ಧಿ ಅಧಿಕಾರಿ. ಇವರಲ್ಲಿ ಒಬ್ಬರ ಸಹಿ ಸಾಕು.

ಎರಡು, ಸಮಿತಿ ಇಡಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಿಮ್ಮ ತಳಿಯ ಹೆಸರು, ಗುಣ, ಬೆಳೆಯುವವರ ವಿವರ ಬರೆಸಿ. ನೋಂದಣಿ ಬೇಡ ಅನ್ನುವವರೂ ಇದನ್ನು ಮಾತ್ರ ಮಾಡಿಸಲೇಬೇಕು. 2010ರಲ್ಲಿ ಬಿಟಿ ಬದನೆ ಎಂಬ ಕುಲಾಂತರಿ ತಳಿಯ ಗಲಾಟೆ ನೆನಪಿದೆಯಲ್ವಾ? ಆ ಬದನೆ ತಯಾರಿಸುವ ಸಂಶೋಧನೆಗೆ ಮಲಾಪುರ, ಕುಡಚಿ, ಉಡುಪಿ ಕಡೆಯ ನಾಟಿ ಬದನೆಗಳನ್ನು ಅನುಮತಿ ಕೇಳದೆ ಬಳಸಿದ್ದಾರೆಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ರಾಜ್ಯದ ಜೀವವೈವಿಧ್ಯ ಮಂಡಳಿಗೆ ದೂರು ಕೊಟ್ಟಿತ್ತು. ಇಂಥ ದೂರು ನಿಲ್ಲಬೇಕಾದರೆ ‘ಈ ಬದನೆ ಈ ಊರಿನದು’ ಎಂಬ ದಾಖಲೆ ಎಲ್ಲೋ ಒಂದು ಕಡೆ ಇರಬೇಕು. ಉಡುಪಿ ಕಡೆಯ ಮಟ್ಟುಗುಳ್ಳ ಬದನೆಯ ಬೆಳೆಗಾರರು 2011ರಲ್ಲಿ ಭೌಗೋಳಿಕ ಸೂಚಕ ಪಡೆದರು. ಅದು ಊರಿನ ಹೆಸರಿಗೆ ಸಿಗುವ ರಕ್ಷಣೆ, ತಳಿ ನೋಂದಣಿಯ ದಾರಿ ಬೇರೆ. ಎರಡನ್ನೂ ಕಲಸಿಕೊಳ್ಳಬೇಡಿ.

ಅರ್ಜಿ

ಫಾರ್ಮ್ 1, ಅದರ ಜೊತೆ ತಾಂತ್ರಿಕ ಪ್ರಶ್ನಾವಳಿ. ಎರಡೂ ಪ್ರಾಧಿಕಾರದ ವೆಬ್‌ಸೈಟ್‌ನಲ್ಲಿವೆ. ಪ್ರಶ್ನಾವಳಿ ತುಂಬುವಾಗ ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಯೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ನಿಮ್ಮ ನೋಟ್‌ಬುಕ್ ಇದ್ದರೆ ಅವರಿಗೂ ಕೆಲಸ ಸಲೀಸು. ಬೀಜವನ್ನು ಬಂಜೆ ಮಾಡುವ ಟರ್ಮಿನೇಟರ್ ಥರದ ತಂತ್ರಜ್ಞಾನ ಇದರಲ್ಲಿಲ್ಲ ಎಂದು ಅಫಿಡವಿಟ್ ಕೇಳಿದರೆ ಕೊಡಬೇಕು. ಮೂಲ ಬೀಜ ಎಲ್ಲಿಂದ ಬಂತು ಅಂತಲೂ ಹೇಳಬೇಕು. ಬೇರೆಯವರ ಮನೆಯಿಂದ ಬಂದಿದ್ದರೆ ಅದನ್ನೇ ಬರೆಯಿರಿ, ಮುಚ್ಚಿಡಬೇಡಿ.

ಹೆಸರಿಡುವಾಗ ಸ್ವಲ್ಪ ಯೋಚನೆ ಬೇಕು. ಬರೀ ಅಂಕಿಗಳ ಹೆಸರು ನಡೆಯುವುದಿಲ್ಲ. ಈಗಾಗಲೇ ಇರುವ ತಳಿಯ ಹೆಸರು, ಜನರನ್ನು ದಾರಿ ತಪ್ಪಿಸುವ ಹೆಸರು, ಯಾರದಾದರೂ ಧಾರ್ಮಿಕ ಭಾವನೆಗೆ ನೋವಾಗುವ ಹೆಸರು ಕೂಡ ಇಲ್ಲ. ಊರಿನ ಹೆಸರು ಸೇರಿಸಿದರೆ ಪ್ರಾಧಿಕಾರದ ರಿಜಿಸ್ಟ್ರಾರ್ ಪ್ರಶ್ನೆ ಕೇಳಬಹುದು, ಪ್ರಾಮಾಣಿಕ ಬಳಕೆ ಎಂದು ಒಪ್ಪಿದರೆ ಕೊಡುತ್ತಾರೆ.

ಬೀಜ ಎಷ್ಟು ಕಳಿಸಬೇಕು ಎಂಬುದು ಆಯಾ ಬೆಳೆಯ ಮಾರ್ಗಸೂಚಿಯಲ್ಲಿದೆ. ಚೆನ್ನಾಗಿ ಒಣಗಿಸಿ, ಜೊಳ್ಳು ತೂರಿ, ಔಷಧಿ ಹಚ್ಚದೆ ಕಳಿಸಿ. ಎಲ್ಲದರ ನಕಲು ಒಂದು ಫೈಲಿನಲ್ಲಿ ಮನೆಯಲ್ಲಿರಲಿ. ಆಮೇಲೆ ಕಾಯುವುದು, ಅದು ಹಂಗಾಮುಗಳ ಲೆಕ್ಕ.

ಸರ್ಟಿಫಿಕೇಟ್ ಬಂತು, ಮುಂದೆ?

ಭತ್ತದಂಥ ಬೆಳೆಗೆ ಮೊದಲು 6 ವರ್ಷ, ನವೀಕರಿಸಿದರೆ ಒಟ್ಟು 15 ವರ್ಷ. ಮಾವು, ಹಲಸಿನಂಥ ಮರಗಳಿಗೆ ಮೊದಲು 9, ಒಟ್ಟು 18. ಅಷ್ಟು ಕಾಲ ಆ ತಳಿಯ ಬೀಜ ಉತ್ಪಾದಿಸಿ ವ್ಯಾಪಾರ ಮಾಡುವ ಹಕ್ಕು ನಿಮ್ಮದು. ಕಂಪನಿ ಮಾಡಬೇಕೆಂದರೆ ನಿಮ್ಮ ಒಪ್ಪಿಗೆ ಬೇಕು. ಮೇಲೆ ಹೇಳಿದ 39ನೇ ಕಲಮಿನಿಂದಾಗಿ ಪಕ್ಕದ ಮನೆಯ ರೈತನನ್ನು ಮಾತ್ರ ತಡೆಯಲಾಗದು, ತಡೆಯಲೂಬಾರದು.

ಸರ್ಟಿಫಿಕೇಟ್ ಗೋಡೆಗೆ ಹಾಕಿದರೆ ದುಡ್ಡು ಬರುವುದಿಲ್ಲ. ಒಪ್ಪಂದ ಮಾಡಿಕೊಂಡರೆ ಬರಬಹುದು. ಗುಬ್ಬಿ ತಾಲ್ಲೂಕಿನ ಚೇಳೂರಿನ ತೋಟವೊಂದರಲ್ಲಿ ಹಲಸಿನ ಮರವೊಂದಿತ್ತು. ಸಣ್ಣ ಹಣ್ಣು, ತಾಮ್ರಗೆಂಪು ತೊಳೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು ಗುರುತಿಸಿ, ಮರ ನೆಟ್ಟವರ ನೆನಪಿಗೆ ‘ಸಿದ್ದು’ ಎಂದು ಹೆಸರಿಟ್ಟು, 2017ರಲ್ಲಿ ಆ ಕುಟುಂಬದ ಜೊತೆ ಒಪ್ಪಂದ ಮಾಡಿಕೊಂಡಿತು. ಕಸಿ ಗಿಡಗಳ ಆದಾಯದಲ್ಲಿ ಮುಕ್ಕಾಲು ಪಾಲು ಕುಟುಂಬಕ್ಕೆ. ಎಚ್‌ಎಂಟಿ ಭತ್ತಕ್ಕೆ ಆಗಬೇಕಿದ್ದದ್ದೂ ಇದೇ ಅಲ್ವಾ?

ಹಾಗಾಗಿ ಸಂಶೋಧಕರೋ ಕಂಪನಿಯವರೋ ಬೀಜ ಕೇಳಿಕೊಂಡು ಬಂದರೆ ಸುಮ್ನೆ ಕೊಟ್ಟು ಕಳಿಸಬೇಡಿ. ಯಾರು, ಎಷ್ಟು, ಯಾವ ಕೆಲಸಕ್ಕೆ ತೆಗೆದುಕೊಂಡರು ಅಂತ ನಾಲ್ಕು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ. ರೈತರ ತಳಿಯಿಂದ ಅದರದ್ದೇ ಮುಖ್ಯ ಗುಣಗಳಿರುವ ಇನ್ನೊಂದು ತಳಿ ಮಾಡಿ ನೋಂದಾಯಿಸಬೇಕಾದರೆ ಆ ತಳಿ ಉಳಿಸಿ ಬೆಳೆಸಿದ ರೈತರ ಒಪ್ಪಿಗೆ ಬೇಕೆಂದು ಕಾಯ್ದೆಯೇ ಹೇಳುತ್ತದೆ. ಹೊಸ ತಳಿಯ ಲಾಭದಲ್ಲಿ ಪಾಲು ಕೇಳಲೂ ಅವಕಾಶವಿದೆ. ತಳಿ ಕಾಪಾಡಿದ ಸಮುದಾಯಗಳಿಗೆ ಪ್ರಾಧಿಕಾರ 10 ಲಕ್ಷ ರೂಪಾಯಿಯ ಪ್ರಶಸ್ತಿಯನ್ನೂ ಕೊಡುತ್ತದೆ. ಸಂಘವಾಗಿ ತಳಿ ಉಳಿಸಿಕೊಂಡಿರುವವರು ಅದಕ್ಕೂ ಅರ್ಜಿ ಹಾಕಬಹುದು.

ಕೊನೆಯದಾಗಿ ಒಂದು ಕಾವಲು ಕೆಲಸ. ಒಪ್ಪಿಗೆಯಾದ ಅರ್ಜಿಗಳನ್ನು ಪ್ರಾಧಿಕಾರ ತನ್ನ ಜರ್ನಲ್‌ನಲ್ಲಿ ಪ್ರಕಟಿಸುತ್ತದೆ, ವೆಬ್‌ಸೈಟ್‌ನಲ್ಲಿ ಎಲ್ಲರೂ ನೋಡಬಹುದು. ನಿಮ್ಮೂರಿನ ತಳಿಯನ್ನು ಬೇರೆಯವರು ತಮ್ಮದೆಂದು ಹಾಕಿದ್ದು ಕಂಡರೆ, ಪ್ರಕಟವಾದ ಮೂರು ತಿಂಗಳೊಳಗೆ ಆಕ್ಷೇಪ ಸಲ್ಲಿಸಬೇಕು. ಅದಕ್ಕೂ ರೈತರಿಗೆ ಶುಲ್ಕವಿಲ್ಲ. ಮನೆಯಲ್ಲಿ ಮೊಬೈಲ್ ಚೆನ್ನಾಗಿ ಬಳಸುವ ಹುಡುಗರಿಗೆ ತಿಂಗಳಿಗೊಮ್ಮೆ ಜರ್ನಲ್ ನೋಡುವ ಕೆಲಸ ವಹಿಸಿ. ಆಕ್ಷೇಪದ ಜೊತೆ ಲಗತ್ತಿಸಲು ಪಂಚಾಯಿತಿ ದಾಖಲಾತಿಯ ಆ ಪುಟದ ದೃಢೀಕೃತ ನಕಲನ್ನು ಈಗಲೇ ತೆಗೆಸಿಟ್ಟುಕೊಳ್ಳಿ, ಮೂರು ತಿಂಗಳು ಬೇಗ ಕಳೆದುಹೋಗುತ್ತದೆ.