ಬ್ವಿಂಡಿ ಕಾಡಿಗೆ ಹೊರಡುವ ಮುನ್ನ

ಉಗಾಂಡದ ನೈರುತ್ಯ ಅಂಚಿನಲ್ಲಿರುವ, 1994ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬ್ವಿಂಡಿ ಮಳೆಕಾಡಿನಲ್ಲಿ ಪರ್ವತ ಗೊರಿಲ್ಲಾಗಳನ್ನು ನೋಡಬಯಸುವವರು, ತಮ್ಮ ಪರವಾನಗಿ ಬುಹೋಮಾ, ರುಹಿಜಾ, ರುಶಾಗಾ, ಎನ್‌ಕುರಿಂಗೋ ಎಂಬ ನಾಲ್ಕು ವಲಯಗಳಲ್ಲಿ ಯಾವುದಕ್ಕೆ ಸೇರಿದ್ದೆಂದು ಖಚಿತಪಡಿಸಿಕೊಂಡ ನಂತರವೇ ವಸತಿ ಕಾಯ್ದಿರಿಸಬೇಕು. ಒಂದು ವಲಯದಿಂದ ಇನ್ನೊಂದಕ್ಕೆ ಗುಡ್ಡದ ರಸ್ತೆಯಲ್ಲಿ ಗಂಟೆಗಟ್ಟಲೆ ಹಿಡಿಯುವುದರಿಂದ, ತಪ್ಪು ಕಡೆ ಉಳಿದುಕೊಂಡರೆ ಬೆಳಗ್ಗೆ ಹೊರಡುವ ತಂಡ ಕೈತಪ್ಪಬಹುದು.

ಕಾಡಿನ ಇಳಿಜಾರುಗಳು ಬಹಳ ಜಾರುತ್ತವೆ. ಆಧಾರಕ್ಕೆಂದು ಕೈಚಾಚಿದಲ್ಲಿ ತುರಿಕೆ ಗಿಡವೋ ಮುಳ್ಳೋ ಸಿಗುವುದರಿಂದ ತೋಟಗಾರಿಕೆಯ ದಪ್ಪ ಕೈಗವಸು ಇರಲಿ, ಇರುವೆಗಳು ಹತ್ತದಂತೆ ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ. ಪ್ರವೇಶದ್ವಾರದಲ್ಲಿ ಸಿಗುವ ಸ್ಥಳೀಯ ಸಹಾಯಕರೊಬ್ಬರನ್ನು ತಪ್ಪದೆ ಕರೆದುಕೊಳ್ಳಿ. ಚೀಲ ಹೊರುವುದಕ್ಕಿಂತ ಹೆಚ್ಚಾಗಿ ಕಡಿದಾದ ಕಡೆ ಅವರು ಕೊಡುವ ಕೈಯಾಸರೆ ದೊಡ್ಡದು, ಆ ಸಂಪಾದನೆಯೂ ಕಾಡಂಚಿನ ಮನೆಗಳಿಗೇ ಸೇರುತ್ತದೆ.

ನೆಗಡಿ, ಕೆಮ್ಮು ಇದ್ದರೆ ದಯವಿಟ್ಟು ಮುಚ್ಚಿಡಬೇಡಿ. ಮನುಷ್ಯರ ಉಸಿರಾಟದ ಸೋಂಕು ಗೊರಿಲ್ಲಾಗಳಿಗೆ ಸುಲಭವಾಗಿ ತಗಲುತ್ತದೆ, ಅದು ಅವುಗಳ ಪ್ರಾಣಕ್ಕೇ ಎರವಾಗಬಹುದು. ಅವುಗಳೆದುರು ಕಳೆಯಲು ಸಿಗುವ ಒಂದು ಗಂಟೆಯುದ್ದಕ್ಕೂ ಮಾಸ್ಕ್ ತೆಗೆಯಬಾರದು.

ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಿ. ಅದರ ಪ್ರಮಾಣಪತ್ರವನ್ನು ಉಗಾಂಡ ಪ್ರವೇಶಿಸುವಾಗ ಮಾತ್ರವಲ್ಲ, ಭಾರತಕ್ಕೆ ಮರಳಿದಾಗಲೂ ವಿಮಾನ ನಿಲ್ದಾಣದಲ್ಲಿ ತೋರಿಸಬೇಕಾಗುತ್ತದೆ.