ಪೀಪಾಯಿಯಲ್ಲಿ ಮಾಗಿದ ಸ್ಟೌಟ್: ನಾನು ರುಚಿ ನೋಡುವ ಬಗೆ

ಶೇ 14ರ ಆಸುಪಾಸು ಆಲ್ಕೋಹಾಲ್ ಇರುವ ಬಿಯರನ್ನು ಮಾಮೂಲಿ ಬಿಯರಿನಂತೆ ಕುಡಿದರೆ ಅದರ ಅರ್ಧ ರುಚಿಯೂ ದಕ್ಕುವುದಿಲ್ಲ. ಫ್ರಿಜ್ಜಿನಿಂದ ತೆಗೆದ ಕೂಡಲೇ ಗಟಗಟನೆ ಇಳಿಸುವ ಲಾಗರ್ ಎಂಬ ಮಾಮೂಲಿ ಬಿಯರಿಗೂ, ವಿಸ್ಕಿಯ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಮಾಗಿದ ಇಂಪೀರಿಯಲ್ ಸ್ಟೌಟ್ ಎಂಬ ಕಪ್ಪು, ಕಡು ಬಿಯರಿಗೂ ಕುಲವೊಂದೇ, ನಡವಳಿಕೆ ಬೇರೆ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮನೆಗೆ ಬಂದ ಸ್ನೇಹಿತರಲ್ಲಿ ಅನೇಕರು ಮೊದಲ ಗುಟುಕಿಗೇ ಮುಖ ಹಿಂಡಿ, ‘ಬರೀ ವಿಸ್ಕಿ ವಾಸನೆ’ ಎಂದು ಲೋಟ ಕೆಳಗಿಟ್ಟಿದ್ದಾರೆ. ಅದೇ ಲೋಟವನ್ನು ಮುಕ್ಕಾಲು ಗಂಟೆ ಬಿಟ್ಟು ಎತ್ತಿಕೊಂಡಾಗ ಅವರ ಮುಖವೇ ಬದಲಾಗಿದೆ.

ನಾನಿರುವುದು ಶಿಕಾಗೋದಲ್ಲಿ. ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸಿಗಳ ಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕೂರುತ್ತೇನೆ. ಈ ಊರಿನಲ್ಲಿದ್ದು ಪೀಪಾಯಿ ಬಿಯರಿನ ಮಾತೆತ್ತಿದರೆ ಬರ್ಬನ್ ಕೌಂಟಿ ಸ್ಟೌಟ್ ಹೆಸರು ಬಾರದೆ ಇರದು. ಜಾನ್ ಹಾಲ್ 1988ರಲ್ಲಿ ಇಲ್ಲಿ ಆರಂಭಿಸಿದ ಗೂಸ್ ಐಲ್ಯಾಂಡ್ ಬ್ರೂವರಿಯಲ್ಲಿ (ಬಿಯರ್ ತಯಾರಿಕಾ ಘಟಕ) ಅವರ ಮಗ ಗ್ರೆಗ್ ಹಾಲ್ ಬ್ರೂಮಾಸ್ಟರ್, ಅಂದರೆ ಬಿಯರ್ ತಯಾರಿಕೆಯ ಮುಖ್ಯಸ್ಥ, ಆಗಿದ್ದರು. ಬರ್ಬನ್ ಎಂಬ ಅಮೆರಿಕನ್ ವಿಸ್ಕಿ ತಯಾರಿಸುವ ಜಿಮ್ ಬೀಮ್ ಕಂಪನಿಯ ಬೂಕರ್ ನೋ ಅವರ ಪರಿಚಯದಿಂದ ಸಿಕ್ಕ ಆರು ಖಾಲಿ ಬರ್ಬನ್ ಪೀಪಾಯಿಗಳಿಗೆ ಗ್ರೆಗ್ ದಟ್ಟವಾದ ಸ್ಟೌಟ್ ತುಂಬಿಸಿಟ್ಟರು. ಬರ್ಬನ್ ಕೌಂಟಿ ಹುಟ್ಟಿದ್ದು ಹೀಗೆ. 1990ರ ದಶಕದ ಆ ಪ್ರಯೋಗ ಇಂದು ಅಮೆರಿಕದ ಮೂಲೆಮೂಲೆಯ ಬ್ರೂವರಿಗಳು ಅನುಸರಿಸುವ ದಾರಿಯಾಗಿದೆ. 2011ರಲ್ಲಿ ಬ್ರೂವರಿ ಆನ್‌ಹೈಸರ್-ಬುಶ್ ಕಂಪನಿಯ ಪಾಲಾದಾಗ ಸಣ್ಣ ಬ್ರೂವರಿಗಳ ಅಭಿಮಾನಿಗಳು ಬೇಸರಗೊಂಡು ದೂರ ಸರಿದರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ಪ್ರತಿವರ್ಷ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಬಿಡುಗಡೆಯಾಗುವ ಈ ಬಿಯರನ್ನು ನಾನು ತಪ್ಪದೆ ಕೊಳ್ಳುತ್ತೇನೆ. ಒಂದೇ ಬಿಯರನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡಿದಷ್ಟು ಕಲಿಕೆ ಬೇರೆ ಯಾವುದರಿಂದಲೂ ನನಗೆ ಸಿಕ್ಕಿಲ್ಲ.

ಇಷ್ಟು ಪೀಪಾಯಿಗಳು ಬಿಯರಿಗೆ ಸಿಗುವುದರ ಹಿಂದೆ ಒಂದು ಕಾನೂನಿದೆ. ಅಮೆರಿಕದಲ್ಲಿ ಬರ್ಬನ್ ಎನ್ನಿಸಿಕೊಳ್ಳಬೇಕಾದರೆ ವಿಸ್ಕಿ ಹೊಸದಾದ, ಒಳಮೈ ಸುಟ್ಟ ಓಕ್ ಪೀಪಾಯಿಯಲ್ಲೇ ಇರಬೇಕು. ಒಮ್ಮೆ ಬಳಸಿದ್ದನ್ನು ಮತ್ತೆ ಬರ್ಬನ್ನಿಗೆ ಬಳಸುವಂತಿಲ್ಲ. ಹಾಗಾಗಿ ಸುಮಾರು 200 ಲೀಟರಿನ ಈ ಪೀಪಾಯಿಗಳು ಇನ್ನೂ ಗಟ್ಟಿಮುಟ್ಟಾಗಿರುವಾಗಲೇ ಮಾರಾಟಕ್ಕೆ ಬರುತ್ತವೆ. ಹಲಗೆಗಳು ವರ್ಷಾನುಗಟ್ಟಲೆ ಹೀರಿಕೊಂಡ ವಿಸ್ಕಿ ಮರದೊಳಗೇ ಉಳಿದಿರುತ್ತದೆ, ಅದು ಬಿಯರಿಗೆ ಇಳಿದು ಆಲ್ಕೋಹಾಲ್ ಪ್ರಮಾಣವನ್ನು ಏರಿಸುತ್ತದೆ. ಬಿಯರ್ ಬೇಸಿಗೆಯ ಸೆಖೆಗೆ ಹಿಗ್ಗಿ ಮರದೊಳಕ್ಕೆ ನುಗ್ಗುತ್ತದೆ, ಚಳಿಗೆ ಕುಗ್ಗಿ ಹೊರಬರುತ್ತದೆ. ಬರುವಾಗ ಮರದ ಸಾರವನ್ನೂ ತರುತ್ತದೆ: ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಒಡೆದು ಹುಟ್ಟಿದ, ವೆನಿಲ್ಲಾ ಘಮದ ವೆನಿಲಿನ್, ಕೊಬ್ಬರಿಯ ಘಮ ಕೊಡುವ ಲ್ಯಾಕ್ಟೋನ್, ಸುಟ್ಟ ಸಕ್ಕರೆಯ ಕ್ಯಾರಮೆಲ್, ಜೊತೆಗೆ ಒಂದಿಷ್ಟು ಒಗರು.

ಈ ಸಲ ಬರ್ಬನ್ ಕೌಂಟಿಯ ಎರಡು ಬಾಟಲಿಗಳನ್ನು ಅಕ್ಕಪಕ್ಕ ಇಟ್ಟೆ. ಒಂದು ಹೊಸದು, ಇನ್ನೊಂದು ನೆಲಮಾಳಿಗೆಯ ತಂಪಿನಲ್ಲಿ ಮೂರು ವರ್ಷ ನಿಂತದ್ದು. ನಿಲ್ಲಿಸಿಯೇ ಇಡುತ್ತೇನೆ, ಮಲಗಿಸುವುದಿಲ್ಲ, ಮುಚ್ಚಳಕ್ಕೆ ಬಿಯರ್ ತಾಗದಿದ್ದರೆ ಒಳ್ಳೆಯದು. ಅರ್ಧ ಲೀಟರಿನ ಒಂದು ಬಾಟಲಿಯಲ್ಲಿ ಶೇ 5ರ ಸಾಮಾನ್ಯ ಬಿಯರಿನ ನಾಲ್ಕು ಕ್ಯಾನಿನಷ್ಟು ಆಲ್ಕೋಹಾಲ್ ಇರುತ್ತದೆ. ಹೀಗಾಗಿ ಇದನ್ನು ಒಬ್ಬನೇ ತೆರೆಯುವ ಅಭ್ಯಾಸ ನನಗಿಲ್ಲ. ನಾಲ್ಕೈದು ಜನ ಸೇರಿದಾಗ, ಯಾರೂ ಕಾರು ಓಡಿಸಬೇಕಿಲ್ಲದ ರಾತ್ರಿಯೇ ಬಾಟಲಿ ಹೊರಬರುತ್ತದೆ. ಒಬ್ಬೊಬ್ಬರಿಗೆ ಒಂದು ಸಲಕ್ಕೆ 60 ಮಿಲಿಲೀಟರ್ ಸಾಕು.

ಲೋಟದ ಬಾಯಿ ಒಳಮುಖವಾಗಿರಬೇಕು. ಬ್ರಾಂದಿಯ ಸ್ನಿಫ್ಟರ್ ಇದ್ದರೆ ಉತ್ತಮ, ವೈನ್ ಲೋಟವಾದರೂ ನಡೆಯುತ್ತದೆ. ಸೋಪಿನ ಜಿಡ್ಡು ಉಳಿಯದಂತೆ ಬಿಸಿನೀರಿನಲ್ಲಿ ತೊಳೆದು ಗಾಳಿಗೆ ಒಣಗಲು ಬಿಡುತ್ತೇನೆ. ಬಾಟಲಿಯನ್ನು ಸುಮಾರು 10 ಡಿಗ್ರಿಯಲ್ಲಿ ತೆರೆದು, ಅಲ್ಲಿಂದ 16-17 ಡಿಗ್ರಿಯವರೆಗೆ ತಾನಾಗಿ ಏರಲು ಬಿಡುತ್ತೇನೆ. ನೇರ 16ರಲ್ಲೇ ತೆರೆಯಬಹುದಲ್ಲ ಎಂದು ಕೇಳುವವರಿದ್ದಾರೆ. ತೆರೆಯಬಹುದು, ಆದರೆ ಬಿಯರ್ ಅರಳುವ ದಾರಿಯೇ ತಪ್ಪಿಹೋಗುತ್ತದೆ. ನನ್ನ ಮಟ್ಟಿಗೆ ರುಚಿ ನೋಡುವುದೆಂದರೆ ಆ ಏರಿಕೆಯನ್ನು ಹಿಂಬಾಲಿಸುವುದು.

ಸುರಿದಾಗ ಎರಡೂ ಕಪ್ಪೇ. ಲೋಟ ಓರೆ ಮಾಡಿ ದೀಪಕ್ಕೆ ಹಿಡಿದರೆ ಅಂಚಿನಲ್ಲಿ ಮಾತ್ರ ಕಂದು ಹೊಳೆಯುತ್ತದೆ. ಕಂದು ನೊರೆ ಕ್ಷಣಕಾಲ ನಿಂತು ಗಾಜಿನ ಸುತ್ತ ಉಂಗುರವಾಗಿ ಉಳಿಯುತ್ತದೆ. ಇಷ್ಟು ಆಲ್ಕೋಹಾಲಿರುವ ಬಿಯರಿನಲ್ಲಿ ನೊರೆ ನಿಲ್ಲದಿದ್ದರೆ ನಾನು ಅಂಕ ಕಳೆಯುವುದಿಲ್ಲ. ತಿರುಗಿಸಿದಾಗ ಬಿಯರ್ ಗಾಜಿಗೆ ಅಂಟಿ ನಿಧಾನವಾಗಿ ಎಳೆಯೆಳೆಯಾಗಿ ಇಳಿಯುತ್ತದೆ.

ಮೂಗನ್ನು ಲೋಟದೊಳಗೆ ಇಳಿಸಬಾರದು. ಇಳಿಸಿದರೆ ಆಲ್ಕೋಹಾಲಿನ ಘಾಟು ಹೊಡೆದು ಮುಂದಿನ ಕೆಲವು ನಿಮಿಷ ಏನೂ ತಿಳಿಯುವುದಿಲ್ಲ. ಬಾಯಿ ತುಸು ತೆರೆದು, ಲೋಟವನ್ನು ಗಲ್ಲದ ಮಟ್ಟದಲ್ಲಿ ಹಿಡಿದು, ಸಣ್ಣದಾಗಿ ಎರಡು ಸಲ ಉಸಿರೆಳೆಯುತ್ತೇನೆ. ಹೊಸ ಬಾಟಲಿಯಲ್ಲಿ ಮೊದಲು ಬಂದದ್ದು ಬರ್ಬನ್ ಮತ್ತು ವೆನಿಲ್ಲಾ, ಹಿಂದೆಯೇ ಹಸಿ ಮರ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಎಲ್ಲೋ ಕೆಳಗೆ ಅಡಗಿತ್ತು. ಮೊದಲ ಗುಟುಕೂ ಹಾಗೆಯೇ: ನಾಲಗೆಯ ತುದಿಯಲ್ಲಿ ಸಿಹಿ, ಗಂಟಲಲ್ಲಿ ಬಿಸಿ, ನಡುವೆ ಖಾಲಿ. ಸ್ನೇಹಿತರು ಮುಖ ಹಿಂಡುವುದು ಈ ಹಂತದಲ್ಲಿ. ಮೊದಲ ಗುಟುಕು ಬಾಯಿಯನ್ನು ಆಲ್ಕೋಹಾಲಿಗೆ ಒಗ್ಗಿಸುವುದಕ್ಕಷ್ಟೇ. ಅದರ ಮೇಲೆ ತೀರ್ಪು ಕೊಡುವುದು ಅನ್ಯಾಯ.

ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮರ ಹಿಂದೆ ಸರಿದು ಹುರಿದ ಬಾರ್ಲಿ ಮುಂದೆ ಬಂತು. ನಾನು ಚಿಕ್ಕಮಗಳೂರು ಕಡೆಯವನು. ಹದವಾಗಿ ಹುರಿದ ಕಾಫಿಯ ಕಹಿಗೂ ಸೀದುಹೋದ ಬೀಜದ ಕಹಿಗೂ ಇರುವ ಅಂತರವನ್ನು ಚಿಕ್ಕಂದಿನಿಂದ ಮೂಗು ಬಲ್ಲದು. ಸ್ಟೌಟಿನಲ್ಲೂ ಅದೇ ಅಂತರ ಹುಡುಕುತ್ತೇನೆ. ಹದವಾಗಿದ್ದರೆ ಕಹಿ ನಾಲಗೆಯ ಹಿಂಭಾಗದಲ್ಲಿ ಬಂದು ಸಿಹಿಯನ್ನು ತಡೆದು ಹೊರಟುಹೋಗುತ್ತದೆ, ಸೀದಿದ್ದರೆ ಬೂದಿಯಂತೆ ಅಂಟಿಕೊಳ್ಳುತ್ತದೆ. ಇಲ್ಲಿ ಹದವಾಗಿತ್ತು. ಅದರ ಮೇಲೆ ಜೋನಿಬೆಲ್ಲ, ಒಣದ್ರಾಕ್ಷಿ, ಕಪ್ಪು ಚಾಕೊಲೇಟ್. ನುಂಗಿದ ಮೇಲೆ ಮೂಗಿನಿಂದ ಉಸಿರು ಬಿಟ್ಟಾಗ ಕೊಬ್ಬರಿ. ನುಂಗದೆ ಉಗುಳುವ ವೈನಿನವರ ಪದ್ಧತಿ ಇಲ್ಲಿ ನನಗೆ ಒಪ್ಪಿಗೆಯಿಲ್ಲ, ಕಹಿಯೂ ಕೊಬ್ಬರಿಯೂ ಪೂರ್ತಿ ತಿಳಿಯುವುದು ನುಂಗಿದ ನಂತರವೇ.

ಪೀಪಾಯಿ ಬಿಯರಿನಲ್ಲಿ ನನಗೆ ಮುಖ್ಯವಾದದ್ದು ಒಂದೇ ಪ್ರಶ್ನೆ: ಬರ್ಬನ್ ಬಿಸಿ ಇಳಿದುಹೋದ ಮೇಲೆ ಬಾಯಲ್ಲಿ ಬಿಯರ್ ಉಳಿದಿದೆಯೇ? ಮರವೊಂದೇ ಉಳಿದರೆ ಅದನ್ನು ಎಷ್ಟೇ ಹೊಗಳಿದರೂ ನನಗದು ಸೋತ ಬಿಯರ್. ಅಂಥವು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ತೆಳುವಾದ ಸ್ಟೌಟನ್ನು ಪೀಪಾಯಿಗೆ ತುಂಬಿ, ಮರ ಕಾಪಾಡುತ್ತದೆ ಎಂದು ನಂಬಿದವರ ಬಾಟಲಿಗಳು ಅವು.

ಹಳೆಯ ಬಾಟಲಿ ಬೇರೆಯೇ ಕಥೆ ಹೇಳಿತು. ಆಲ್ಕೋಹಾಲಿನ ಉರಿ ಮಾಯವಾಗಿ ಗುಟುಕು ರೇಷ್ಮೆಯಷ್ಟು ನುಣುಪಾಗಿತ್ತು. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಕಹಿ ಇಳಿದಿತ್ತು, ಕಾಫಿಯೂ ಮಂಕಾಗಿತ್ತು. ಅವುಗಳ ಜಾಗದಲ್ಲಿ ಖರ್ಜೂರ, ಅಂಜೂರ, ಶೆರಿ ವೈನಿನ ಛಾಯೆ. ಇದು ಬಾಟಲಿಯೊಳಗಿನ ಅಷ್ಟಿಷ್ಟು ಆಮ್ಲಜನಕದ ಕೆಲಸ. ಈ ಬಗೆಯ ಬಿಯರಿಗೆ ಅದು ಒಂದು ಹಂತದವರೆಗೆ ಅಲಂಕಾರ, ಅದನ್ನು ದಾಟಿದರೆ ಒದ್ದೆ ರಟ್ಟಿನ ವಾಸನೆ, ಸೋಯಾ ಸಾಸಿನ ಉಪ್ಪುಪ್ಪು ರುಚಿ ಶುರು. ಲೋಟದ ತಳದ ಕೊನೆಯ ಗುಟುಕಿನಲ್ಲಿ ಸೋಯಾದ ಎಳೆಯೊಂದು ಆಗಲೇ ಕಾಣಿಸಿತ್ತು. ಹತ್ತು ವರ್ಷ ಕೂಡಿಡುವವರಿದ್ದಾರೆ. ನನ್ನ ಅನುಭವದಲ್ಲಿ ಎರಡರಿಂದ ಮೂರು ವರ್ಷವೇ ಸೊಗಸು. ಕಾಫಿ ಬೆರೆಸಿದ ಬಗೆಯಾದರೆ ಅಷ್ಟೂ ಬೇಡ, ಕೊಂಡ ಚಳಿಗಾಲದಲ್ಲೇ ಮುಗಿಸಬೇಕು.

ಹುಳಿ ಬಂದರೆ ಮಾತ್ರ ಅದು ಪ್ರಾಯವಲ್ಲ, ಸೋಂಕು. ಮರದ ರಂಧ್ರಗಳನ್ನು ಪೂರ್ತಿ ಶುದ್ಧಿ ಮಾಡಲಾಗದು, ಲ್ಯಾಕ್ಟೋಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ ಅಲ್ಲಿ ಅಡಗಿರಬಹುದು. 2015ರ ಬರ್ಬನ್ ಕೌಂಟಿಯ ಕೆಲವು ಬ್ಯಾಚುಗಳಿಗೆ ಹೀಗಾಗಿ ಬ್ರೂವರಿಯೇ ಹಣ ಹಿಂದಿರುಗಿಸಿತು, ನಂತರದ ವರ್ಷಗಳಲ್ಲಿ ಪಾಶ್ಚರೀಕರಣಕ್ಕೆ ತಿರುಗಿತು. ಆ ವರ್ಷದ ಬಾಟಲಿ ಯಾರಾದರೂ ಪ್ರೀತಿಯಿಂದ ಕೊಟ್ಟರೆ ಮೊದಲು ಮೂಸಿ ನೋಡಿ.

ಜೊತೆಗೆ ತಿನ್ನುವುದರ ಬಗ್ಗೆ ಎರಡು ಮಾತು. ನಮ್ಮವರು ಸೇರಿದ ಮೇಲೆ ಖಾರದ ಕಡಲೆಬೀಜ, ಕೋಡುಬಳೆ ಮೇಜಿಗೆ ಬಂದೇ ಬರುತ್ತವೆ. ಮೆಣಸಿನಕಾಯಿಯ ಉರಿಯನ್ನು ಗ್ರಹಿಸುವ ನರಗಳನ್ನೇ ಆಲ್ಕೋಹಾಲ್ ಕೂಡ ಕೆರಳಿಸುತ್ತದೆ. ಖಾರದ ಮೇಲೆ ಈ ಬಿಯರ್ ಕುಡಿದರೆ ಬಾಯಿ ಉರಿಯುವುದು ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಧಾರವಾಡ ಪೇಡಾ ಹೊಂದೀತು ಎಂದುಕೊಂಡಿದ್ದೆ, ಕಂದುಗಟ್ಟಿದ ಹಾಲಿನ ಘಮ ಪೀಪಾಯಿಗೆ ನೆಂಟನೇ ಸರಿ. ಆದರೆ ಪೇಡಾದ ಸಿಹಿಯ ಮುಂದೆ ಬಿಯರ್ ತೆಳ್ಳಗೂ ಕಹಿಯಾಗಿಯೂ ಕಂಡಿತು. ಒಂದು ಚೂರು ಬ್ಲೂ ಚೀಸ್, ಉಪ್ಪಿಲ್ಲದ ಬ್ರೆಡ್, ನಡುನಡುವೆ ನೀರು, ಇಷ್ಟೇ ಈಗ ಮೇಜಿನ ಮೇಲೆ ಇರುವುದು.

ಬೆಂಗಳೂರಿನ ಗೆಳೆಯರು ಇಂಥದ್ದು ನಮ್ಮ ಬ್ರೂಪಬ್‌ಗಳಲ್ಲಿ ಏಕಿಲ್ಲ ಎಂದು ಕೇಳುತ್ತಾರೆ. ಭಾರತದ ಆಹಾರ ಸುರಕ್ಷತಾ ಮಾನದಂಡದಲ್ಲಿ ಬಿಯರಿನ ಆಲ್ಕೋಹಾಲಿಗೆ ಶೇ 8ರ ಮಿತಿಯಿದೆ. ಆ ಮಿತಿಯೊಳಗೂ ಮರದ ಜೊತೆ ಮಾಡಬಹುದಾದ ಕೆಲಸ ಬಹಳವಿದೆ, ಸ್ಟೌಟಿನ ನೆಂಟನಾದ ಪೋರ್ಟರ್ ಎಂಬ ಕಡಿಮೆ ಬಲದ ಕಪ್ಪು ಬಿಯರಿಗೆ ಓಕ್ ಚಕ್ಕೆ ಹಾಕಿ ನಾನೇ ಮಾಡಿದ್ದೇನೆ. ವಾರಗಟ್ಟಲೆ ಬಿಡುವ ಅಗತ್ಯವೂ ಇಲ್ಲ. ದಿನಕ್ಕೊಂದು ಗುಟುಕು ರುಚಿ ನೋಡುತ್ತಾ, ಮರ ಕಾಣಿಸಿಕೊಂಡ ಕೂಡಲೇ ತೆಗೆದರಾಯಿತು.

ತೀರ್ಪುಗಾರರ ಹಾಳೆಯಲ್ಲಿ ಒಟ್ಟು 50 ಅಂಕ: ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಸ್ಪರ್ಶಕ್ಕೆ 5, ಒಟ್ಟಾರೆ ಅನಿಸಿಕೆಗೆ 10. ಹೊಸದಕ್ಕೆ 42 ಕೊಟ್ಟೆ, ಕಳೆದ ಅಂಕಗಳೆಲ್ಲ ಹೆಚ್ಚುಕಡಿಮೆ ಮೊದಲ ಅರ್ಧ ಗಂಟೆಯ ಉರಿಗೆ. ಹಳೆಯದಕ್ಕೆ 40. ಸ್ಪರ್ಶಕ್ಕೆ ಐದಕ್ಕೆ ಐದೂ ಸಂದವು, ಆದರೆ ಆ ಕಾಫಿಯ ಕಹಿ ಮರೆಯಾದದ್ದನ್ನು ನನಗೆ ಮನ್ನಿಸಲಾಗಲಿಲ್ಲ.